ಮೆಕ್ಕೆಜೋಳ ಮತ್ತೆ ಹಾಕಿದ ಮಳೆಗಾಲ

ಇತ್ತೀಚೆಗೆ ಒಂದು ಬೆಳಿಗ್ಗೆ ಮುಂಬಯಿ ಬದಿಯ ರಬಾಳೆಯ ಸಿಗ್ನಲ್ಲಿನಲ್ಲಿ ನಮ್ಮ ರಿಕ್ಷಾದ ಪಕ್ಕಕ್ಕೆ ಒಂದು ಟೆಂಪೋ ಬಂದು ನಿಂತಿತು. ಅದರ ತುಂಬ ಆಗಷ್ಟೇ ಕೊಯ್ದ ಹಸಿ ಮೆಕ್ಕೆಜೋಳದ ದಂಟು. ಮಳೆ ಸುರಿದು ನಿಂತಿತ್ತು. ಕಾರ್ಖಾನೆಗಳ ಘಾಟು, ಡೀಸೆಲ್ ಹೊಗೆ ಎಲ್ಲವನ್ನೂ ಆಚೆ ತಳ್ಳಿ ಆ ಸಿಹಿಯಾದ ಹಸಿ ವಾಸನೆ ಮೂಗಿಗೆ ಬಡಿಯಿತು. ನಾನು ರಿಕ್ಷಾದಿಂದ ತಲೆ ಹೊರಗೆ ಹಾಕಿ ದಂಟುಗಳ ಬುಡ ನೋಡತೊಡಗಿದೆ. ನೆಲಕ್ಕೆ ತಾಗಿಸಿ ಕೊಯ್ದಿದ್ದಾರೋ, ಮೇಲಕ್ಕೆ ಬಿಟ್ಟು ಕೊಯ್ದಿದ್ದಾರೋ?

"ಕ್ಯಾ ದೇಖ್ ರಹೀ ಹೋ, ಮಮ್ಮೀ?" ಎಂದಳು ಮಗಳು ಪ್ರಿಯಾ, ಏನು ನೋಡುತ್ತಿದ್ದೀ ಎಂದು. ನಾನು ಕನ್ನಡದಲ್ಲಿ ಮಾತಾಡಿಸಿದರೂ ಅವಳ ಮಾತು ಹಿಂದಿಯಲ್ಲೇ.

"ಎಂತ ಇಲ್ಲ," ಎಂದೆ. ಸಿಗ್ನಲ್ ಬಿಟ್ಟಿತು, ಟೆಂಪೋ ಹೋಯಿತು. ವಾಸನೆ ಮಾತ್ರ ಆ ಇಡೀ ದಿನ ನನ್ನನ್ನು ಬಿಡಲಿಲ್ಲ.

ಕಲ್ಯಾಣದ ಹತ್ತಿರದ ವಿಠ್ಠಲವಾಡಿಯಲ್ಲಿ ನಮ್ಮದೊಂದು ದನದ ಹಟ್ಟಿ ಇತ್ತು. ಅಲ್ಲಿಯವರ ಬಾಯಲ್ಲಿ ಅದು ತಬೇಲಾ. ಸ್ಟೇಷನ್ನಿನಿಂದ ರೈಲು ಹಳಿಯ ಬದಿಯಲ್ಲೇ ನಡೆದು ಹೋದರೆ ನಾಲೆಯ ದಂಡೆಯಲ್ಲಿ ತಗಡಿನ ಮಾಡು ಕಾಣುತ್ತಿತ್ತು. ಅದರಡಿಯಲ್ಲಿ ನಾಲ್ಕು ದನ. ಅದಕ್ಕೆ ಅಂಟಿಕೊಂಡಂತೆ ನಮ್ಮ ಒಂದು ಕೋಣೆಯ ಮನೆ. ಈಗ ಅಲ್ಲಿ ಎತ್ತರದ ಕಟ್ಟಡ ಎದ್ದಿದೆ. ಜಾಗದವರು ಬಿಲ್ಡರಿಗೆ ಕೊಟ್ಟಾಗ ನಾನು ಹಟ್ಟಿ ಬಿಟ್ಟೆ. ಆದರೆ ಅದು ಬಹಳ ವರ್ಷಗಳ ನಂತರದ ಮಾತು. ಅದಕ್ಕೂ ಮುಂಚೆ ಒಂದು ಮಳೆಗಾಲದಲ್ಲಿ ಆ ಹಟ್ಟಿಯನ್ನು ಮುಚ್ಚಿಸಲು ಎಲ್ಲರೂ ತಯಾರಾಗಿದ್ದರು. ತಯಾರಾಗದೆ ಇದ್ದವಳು ನಾನೊಬ್ಬಳೇ.

ನನ್ನ ಗಂಡ ರಘುರಾಮ ಡೊಂಬಿವಲಿಯ ಹೋಟೆಲೊಂದರಲ್ಲಿ ಅಡುಗೆಯವರು. ಊರು ಕಾರ್ಕಳದ ಹತ್ತಿರ. ಊರಲ್ಲಿ ಹಟ್ಟಿಯಿಲ್ಲದ ಮನೆಯನ್ನು ಕಾಣದೆ ಬೆಳೆದವರು. ಮುಂಬಯಿಗೆ ಬಂದ ಮೇಲೂ ಪ್ಯಾಕೆಟ್ ಹಾಲು ಅವರಿಗೆ ಗಂಟಲಲ್ಲಿ ಇಳಿಯಲಿಲ್ಲ. ಮೊದಲು ಕಪಿಲೆ ಬಂದಳು. ಆಮೇಲೆ ಗುಲಾಬಿ, ಬೆಳ್ಳಿ, ಚಂದ್ರಿ. ಬೆಳಿಗ್ಗೆ ಹಾಲು ಕರೆದು, ಸುತ್ತಲಿನ ಬಿಲ್ಡಿಂಗುಗಳಿಗೆ ಕೊಟ್ಟು, ಆಮೇಲೆ ಹೋಟೆಲಿಗೆ ಹೋಗುತ್ತಿದ್ದರು. ಒಂದು ಚಳಿಗಾಲದ ಬೆಳಿಗ್ಗೆ ಹಾಲಿನ ಕ್ಯಾನ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದವರು ಅಲ್ಲಿಯೇ ಕುಳಿತರು, ಮತ್ತೆ ಏಳಲಿಲ್ಲ. ಹೃದಯಾಘಾತ ಎಂದರು.

ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದ ದಿನವೇ ಸುಧಾಕರ ಭಾವ ವಿಷಯ ತೆಗೆದರು. ಅವರು ನನ್ನ ಗಂಡನ ಅಣ್ಣ, ಠಾಣೆಯ ವರ್ತಕ ನಗರದಲ್ಲಿ ಮನೆ, ಅಲ್ಲಿಯೇ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಮನೆಯಲ್ಲಿ ನಾವು ದೊಡ್ಡವರು ಮಾತಾಡುವುದು ತುಳು. ಭಾವನಿಗೆ ಕೋಪವೋ ಅಧಿಕಾರವೋ ಬಂದಾಗ ಮಾತ್ರ ಅವರು ಕನ್ನಡಕ್ಕೆ ಬರುತ್ತಿದ್ದರು. ಅಂದು ಕನ್ನಡದಲ್ಲೇ ಶುರು ಮಾಡಿದರು.

"ನೋಡು ಸುನಂದಾ, ದನ ಮಾರಿಬಿಡುವ. ನೀನೂ ಪ್ರಿಯಾನೂ ನಮ್ಮಲ್ಲಿಗೆ ಬನ್ನಿ. ಒಬ್ಬಳು ಹೆಂಗಸು ತಬೇಲಾ ನಡೆಸುದುಂಟಾ?"

"ಹಾಲು ಕರೆದದ್ದು ಇಷ್ಟು ವರ್ಷ ಯಾರು ಅಂತ ತಿಳ್ಕೊಂಡಿದ್ದೀರಿ, ಭಾವ?" ಎಂದೆ. "ಅವರು ಬೆಳಿಗ್ಗೆ ಕರೆದದ್ದು. ಸಂಜೆದು ನಾನೇ."

ಅವರಿಗೆ ಅದು ಹಿಡಿಸಲಿಲ್ಲ. ಕೊನೆಗೆ, ಚೌತಿಯವರೆಗೆ ನೋಡುವ, ಆಮೇಲೆ ನಾನು ಹೇಳಿದ ಹಾಗೆ, ಎಂದು ಎಲ್ಲರ ಎದುರು ತೀರ್ಪು ಕೊಟ್ಟು ಹೋದರು. ನಾನು ಹೂಂ ಎನ್ನಲಿಲ್ಲ.

ಕೆಲಸಕ್ಕೆ ನನ್ನ ಜೊತೆಗೆ ಬಂದವಳು ಮಲ್ಲಮ್ಮ. ಕಲಬುರಗಿ ಕಡೆಯವಳು. ಗಂಡನೊಂದಿಗೆ ಕಟ್ಟಡದ ಕೆಲಸಕ್ಕೆ ಬಂದವಳಿಗೆ ಸಿಮೆಂಟಿನಿಂದ ಕೈಯೆಲ್ಲ ಒಡೆದು ಹೋಗಿತ್ತು. ಸಗಣಿ ಬಾಚುವ ಕೆಲಸವಾದರೂ ಅಡ್ಡಿಯಿಲ್ಲ ಎಂದು ಕೇಳಿಕೊಂಡು ಬಂದಳು. ಅವಳ ಕನ್ನಡ ನನಗೆ ಮೊದಮೊದಲು ಅರ್ಧ ತಿಳಿಯುತ್ತಿರಲಿಲ್ಲ, ನನ್ನದು ಅವಳಿಗೆ. ದನಗಳಿಗೆ ಇಬ್ಬರದೂ ತಿಳಿಯುತ್ತಿತ್ತು.

ಆ ವರ್ಷ ಮಳೆ ಆಸೆ ತೋರಿಸಿ ಓಡಿಹೋಯಿತು. ಜೂನಿನ ಮೊದಲಿಗೆ ಎರಡು ಮೂರು ದಿನ ಸುರಿದು, ಆಮೇಲೆ ಬಿಸಿಲು. ಆಕಾಶ ದಿನವೂ ಕಪ್ಪಾಗುವುದು, ಗಾಳಿ ಬೀಸುವುದು, ಮೋಡ ಘಟ್ಟದ ಕಡೆಗೆ ಹೋಗಿಬಿಡುವುದು. ಹಸಿರು ಹುಲ್ಲಿನ ಟೆಂಪೋಗಳು ಬರುವುದು ನಿಂತಿತು. ದನಗಳಿಗೆ ಬೈಹುಲ್ಲು ಮತ್ತು ಸ್ವಲ್ಪ ಹಿಂಡಿ, ಅಷ್ಟೆ. ಹಾಲು ಇಳಿಯಿತು. ಕಪಿಲೆ ಗಬ್ಬ ಆಗಿದ್ದಳು. ಅವಳ ಪಕ್ಕೆಲುಬು ಕಾಣತೊಡಗಿದಾಗ ನನಗೆ ಅನ್ನ ಸೇರುತ್ತಿರಲಿಲ್ಲ. ಗಬ್ಬದ ದನಕ್ಕೆ ಹಸಿರಿಲ್ಲ ಎಂದು ನಾನು ಫೋನಿನಲ್ಲಿ ಭಾವನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದೆ.

ಜುಲೈ ಕೊನೆಗೆ ಮಳೆ ಹೊಡೆಯಿತು. ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದ್ ಆಗುವಷ್ಟು. ಮಳೆ ಬಿಟ್ಟ ಎರಡನೆಯ ಬೆಳಿಗ್ಗೆ ನಮ್ಮ ಬಾಗಿಲಿಗೆ ಒಂದು ಟೆಂಪೋ ಬಂತು, ತುಂಬ ಹಸಿ ಮೆಕ್ಕೆಜೋಳ. ಭಾವ ಕಳಿಸಿದ್ದು. ಅವರ ಹೋಟೆಲಿಗೆ ತರಕಾರಿ ತರುವವನ ಪರಿಚಯದ ಹೊಲವಂತೆ, ಮುರ್ಬಾಡ್ ಕಡೆ. ಮಳೆಯಿಲ್ಲದೆ ಬೆಳೆ ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿತ್ತು, ಈಗ ಮಳೆ ಬಿದ್ದ ಮೇಲೆ ಎದ್ದಿದೆ, ತೆನೆ ಬರುವ ಹಾಗಿಲ್ಲ, ದನಕ್ಕಾದರೂ ಆಗಲಿ ಎಂದು ಕೊಯ್ದು ಕೊಟ್ಟಿದ್ದಾರೆ. ಭಾವ ಕೆಟ್ಟ ಮನಸ್ಸಿನಿಂದ ಕಳಿಸಿದ್ದಲ್ಲ. ಅದನ್ನು ನಾನು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ.

ಅಷ್ಟು ಕಡು ಹಸಿರು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ಹಿಂದಿನ ಸಂಜೆಯೇ ಕೊಯ್ದು ಒತ್ತಿ ತುಂಬಿದ್ದರಿಂದ ರಾಶಿಯ ಒಳಗೆ ಕೈ ಹಾಕಿದರೆ ಬೆಚ್ಚಗಿತ್ತು.

"ಇದನ್ನ ಹಾಕ್ಬಹುದಾ ಮಲ್ಲಮ್ಮ?" ಎಂದು ಕೇಳಿದೆ.

"ನಮ್ ಕಡಿ ಎಳಿ ಬಿಳಿಜ್ವಾಳ ದನಕ್ಕ ಹಾಕಂಗಿಲ್ಲಕ್ಕ, ಅದು ವಿಷ ಆಗ್ತದ. ಇದು ಗೋಂಜಾಳ. ಇದಕ್ಕೇನಾಗ್ತದ? ಹಾಕ್ರಿ, ಪಾಪ, ಹಸದಾವ." ಗೋಂಜಾಳ ಎಂದರೆ ಅವಳ ಮಾತಿನಲ್ಲಿ ಮೆಕ್ಕೆಜೋಳ.

ಹಾಕಿದೆವು. ಹಸಿದ ದನಗಳು ತಲೆ ಎತ್ತದೆ ತಿಂದವು. ಚಂದ್ರಿ ಮಾತ್ರ ತನ್ನ ಎಳೆ ಕರುವಿನ ಗಲಾಟೆಯಲ್ಲಿ ಅದಕ್ಕೆ ಬಾಯಿಯೇ ಹಾಕಲಿಲ್ಲ. ನಾನು ಒಳಗೆ ಹೋಗಿ ಅಕ್ಕಿ ತೊಳೆಯುತ್ತಿದ್ದಾಗ ಮಲ್ಲಮ್ಮ ಕೂಗಿದಳು. ಹೋಗಿ ನೋಡಿದರೆ ಕಪಿಲೆ ಕಾಲು ಅಗಲಿಸಿ ನಿಂತು ತೂರಾಡುತ್ತಿದ್ದಳು. ಬಾಯಿ ತೆರೆದು ಏದುಸಿರು. ನಾಲಿಗೆಯ ಬಣ್ಣ ಕೆಸರಿನ ಹಾಗೆ. ನಾನು ಕುತ್ತಿಗೆ ಹಿಡಿದುಕೊಳ್ಳುವಷ್ಟರಲ್ಲಿ ಮೊಣಕಾಲೂರಿ ಕುಸಿದಳು. ಗುಲಾಬಿ, ಬೆಳ್ಳಿ ಕೂಡ ನಡುಗತೊಡಗಿದವು.

ಪ್ರಿಯಾ ಶಾಲೆಗೆ ಹೊರಟಿದ್ದವಳು ಚೀಲ ಅಲ್ಲಿಯೇ ಎಸೆದು ಡಾಕ್ಟರಿಗೆ ಫೋನ್ ಮಾಡಿದಳು. ಕಲ್ಯಾಣದಲ್ಲಿ ಒಬ್ಬರು ದನದ ಡಾಕ್ಟರ್ ಇದ್ದರು, ಮರಾಠಿ ಹೆಂಗಸು, ಸ್ಕೂಟರಿನಲ್ಲಿ ತಬೇಲಾಗಳಿಗೆ ತಿರುಗುವವರು. ಎಲ್ಲರೂ ಡಾಕ್ಟರ್ ಮ್ಯಾಡಮ್ ಎನ್ನುತ್ತಿದ್ದರು. ಕೆಸರಲ್ಲಿ ಸ್ಕೂಟರ್ ನಿಲ್ಲಿಸಿ ಓಡಿಯೇ ಬಂದರು. ಸೂಜಿ ಚುಚ್ಚಿ ತೆಗೆದ ರಕ್ತ ಕೆಂಪಗಿರಲಿಲ್ಲ, ಕಾಫಿ ಕಷಾಯದ ಬಣ್ಣಕ್ಕಿತ್ತು. ಅವರು ಒಂದೇ ಮಾತು ಕೇಳಿದರು: "ಮಕಾ ದಿಲಾ ಕಾ?" ಮೆಕ್ಕೆಜೋಳ ಹಾಕಿದಿರಾ ಎಂದು.

ನಾನು ರಾಶಿ ತೋರಿಸಿದೆ.

ಅವರು ಶಾಯಿಯಂಥ ನೀಲಿ ಔಷಧವನ್ನು ಗುಲಾಬಿ, ಬೆಳ್ಳಿಯರ ಕುತ್ತಿಗೆಯ ನರಕ್ಕೆ ಕೊಟ್ಟರು. ಕಪಿಲೆಗೂ ಕೊಡಲು ಬಗ್ಗಿದವರು ಹಾಗೆಯೇ ಕೈ ಹಿಂದೆ ತೆಗೆದರು. ಕಪಿಲೆ ಹೋಗಿಯಾಗಿತ್ತು. ಹೊಟ್ಟೆಯೊಳಗಿನ ಕರುವೂ.

ಗುಲಾಬಿ, ಬೆಳ್ಳಿ ಮಧ್ಯಾಹ್ನದ ಹೊತ್ತಿಗೆ ಎದ್ದು ನಿಂತವು. ಅವುಗಳ ಉಚ್ಚೆ ನೀಲಿ ಹಸಿರು ಬಣ್ಣಕ್ಕೆ ಬಂದಾಗ ಮಲ್ಲಮ್ಮ ಎದೆ ಬಡಿದುಕೊಂಡಳು. ಅದು ಔಷಧದ ಬಣ್ಣ, ಹೆದರಬೇಡಿ ಎಂದು ಡಾಕ್ಟರ್ ಹೇಳಿದರೂ ಅವಳು ನಂಬಲಿಲ್ಲ. ಕಪಿಲೆಯನ್ನು ಒಯ್ಯಲು ಮುನಿಸಿಪಾಲಿಟಿಯ ಗಾಡಿ ಬಂದಾಗ ಇಡೀ ಗಲ್ಲಿ ಮೂಗಿಗೆ ಸೆರಗು ಹಿಡಿದು ನಿಂತಿತ್ತು. ನಾನು ಅವಳ ಕೊಂಬಿಗೆ ಅರಿಸಿನ ಹಚ್ಚಿ ಕಳಿಸಿದೆ. ಅಳುವುದಿದ್ದರೆ ಒಳಗೆ ಹೋಗಿ ಅಳು ಎಂದು ಯಾರೋ ಹೇಳಿದರು. ನಾನು ಅಲ್ಲಿಯೇ ನಿಂತು ಅತ್ತೆ.

ಡಾಕ್ಟರ್ ಹೊರಡುವ ಮೊದಲು ಆ ದಂಟೊಂದರ ಬುಡವನ್ನು ಉದ್ದಕ್ಕೆ ಸೀಳಿ, ಒಂದು ಸಣ್ಣ ಸೀಸೆಯಿಂದ ಒಂದು ಹನಿ ಬಿಟ್ಟರು. ಹನಿ ಬಿದ್ದಲ್ಲಿ ದಂಟು ಕಡು ನೀಲಿಗೆ ತಿರುಗಿತು. ಇದೇ ವಿಷ ಎಂದರು. ಮೆಕ್ಕೆಜೋಳ ವಿಷವಲ್ಲ, ಈ ಮೆಕ್ಕೆಜೋಳ ವಿಷ. ಹೊಲಕ್ಕೆ ಯೂರಿಯಾ ಹಾಕಿದ್ದಾರೆ. ಮಳೆಯಿಲ್ಲದಾಗ ಗಿಡ ಬೆಳೆಯದೆ ನಿಂತಿತ್ತು. ಮಳೆ ಬಿದ್ದ ಕೂಡಲೇ ಎಲ್ಲವನ್ನೂ ಒಮ್ಮೆಗೇ ಹೀರಿಕೊಂಡು ದಂಟಿನ ಬುಡದಲ್ಲಿ ತುಂಬಿಕೊಂಡಿದೆ. ಮಳೆ ಬಂದ ಮೇಲೆ ಒಂದು ವಾರವಾದರೂ ಕಾಯಬೇಕಿತ್ತು, ಇವರು ಮರುದಿನವೇ ಕೊಯ್ದರು. ರಾಶಿ ಬಿಸಿಯಾದಾಗ ಅದರ ವಿಷ ಇನ್ನೂ ಹೆಚ್ಚುತ್ತದೆ. ಅದರ ಮೇಲೆ ಹಸಿದ ಹೊಟ್ಟೆ.

"ಹಾಗಾದರೆ ಒಳ್ಳೆ ಜೋಳ ಯಾವುದು?" ಎಂದು ಕೇಳಿದೆ.

ಅವರು ನನ್ನ ಮುಖ ನೋಡಿದರು. ಹಟ್ಟಿಯಲ್ಲಿ ಕಪಿಲೆ ಬಿದ್ದಿದ್ದ ಜಾಗ ಇನ್ನೂ ಒಣಗಿರಲಿಲ್ಲ. "ಇವತ್ತೇ ತಿಳಿಯಬೇಕಾ?" ಎಂದರು. ಇವತ್ತೇ, ಎಂದೆ. ಅವರು ತಲೆ ಕೆಳಗು ಮಾಡಿದ್ದ ಬಕೆಟಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದರು.

ಸಂಜೆ ಭಾವ ಬಂದರು. ಮುಖ ಇಳಿದು ಹೋಗಿತ್ತು. ಆದರೆ ಗಲ್ಲಿಯ ಜನ ನೋಡುತ್ತಿದ್ದರಲ್ಲ, ಸ್ವರ ಏರಿತು. "ಒಂದು ಮಾತು ಯಾರಿಗಾದ್ರೂ ಕೇಳಿ ಹಾಕ್ಬಾರ್ದಿತ್ತಾ ಮಾರಾಯ್ತಿ? ನನ್ನ ತಮ್ಮ ಮಕ್ಕಳ ಹಾಗೆ ಸಾಕಿದ ದನ! ತಪ್ಪಾಯ್ತು ಅಂತಾದ್ರೂ ಹೇಳು."

"ಹೇಳುದಿಲ್ಲ, ಭಾವ."

"ಎಂತ?"

"ನೀವು ಕಳಿಸಿದ್ರಿ, ನಾನು ಹಾಕಿದೆ, ಅದು ತಿಂದಿತು. ನಿಮಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ನಿಮ್ಮದು ತಪ್ಪು ಅಂತ ನಾನು ಹೇಳಿದ್ನಾ? ಹಾಗಿದ್ರೆ ನನ್ನದೂ ಅಲ್ಲ. ಗೊತ್ತಿಲ್ಲದ್ದಕ್ಕೆ ನಾನು ತಲೆ ತಗ್ಗಿಸುದಿಲ್ಲ. ಕಲೀತೇನೆ."

ಅವರು ಚಹಾ ಕುಡಿಯದೆ ಹೋದರು.

ಔಷಧ ಕೊಟ್ಟ ದನಗಳ ಹಾಲನ್ನು ಕೆಲವು ದಿನ ಚೆಲ್ಲಬೇಕು ಎಂದು ಡಾಕ್ಟರ್ ಹೇಳಿದ್ದರು. ನಾನು ಅದನ್ನು ಕದ್ದು ಮುಚ್ಚಿ ಚೆಲ್ಲಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ನಾಲೆಗೆ ಸುರಿದೆ. ಅದರಿಂದ ನನ್ನ ಮೇಲೆ ನಂಬಿಕೆ ಬರುತ್ತದೆ ಎಂದುಕೊಂಡಿದ್ದೆ. ಆದದ್ದು ಬೇರೆ. ಆ ತಬೇಲಾದಲ್ಲಿ ವಿಷದ ಹಾಲು ಎಂದು ಸುದ್ದಿಯಾಯಿತು. ಬಿಲ್ಡಿಂಗುಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ಚಂದ್ರಿ ಆ ಜೋಳ ತಿಂದೇ ಇಲ್ಲ, ಅವಳಿಗೆ ಔಷಧವನ್ನೂ ಕೊಟ್ಟಿಲ್ಲ ಎಂದರೂ ಯಾರೂ ಕೇಳಲಿಲ್ಲ. ಸುತ್ತಲಿನ ತಬೇಲಾದವರು ಮೆಕ್ಕೆಜೋಳದ ಟೆಂಪೋ ಕಂಡರೆ ಅಟ್ಟತೊಡಗಿದರು. ಜೋಳ ಎಂದರೆ ಸಾವು ಎಂದು ಮಾತಾಯಿತು. ಪ್ರಿಯಾ ಶಾಲೆಯಿಂದ ಅತ್ತುಕೊಂಡು ಬಂದಳು. "ಬೇಚ್ ದೋ ನಾ ಮಮ್ಮೀ, ಸಬ್ ಹಸ್ತೇ ಹೈಂ." ಮಾರಿಬಿಡು, ಎಲ್ಲರೂ ನಗುತ್ತಾರೆ ಎಂದು.

"ನಗಲಿ," ಎಂದೆ. "ನಗುವವರ ಮನೆಗೆ ನಾನು ಹಾಲು ಕೊಡ್ತಾ ಇದ್ದದ್ದು. ನಾಳೆ ಅವರೇ ಬರ್ತಾರೆ, ನೋಡ್ತಾ ಇರು."

ಹಾಗೆ ಹೇಳಿದೆನೇ ಹೊರತು ನನಗೂ ಧೈರ್ಯವಿರಲಿಲ್ಲ. ಬೈಹುಲ್ಲಿನ ಮೇಲೆಯೇ ದಿನ ದೂಡಿದರೆ ಉಳಿದ ಮೂರೂ ಬತ್ತಿ ಹೋಗುತ್ತವೆ. ಹಸಿರು ಬೇಕೇ ಬೇಕು. ಆ ಮಳೆಗಾಲದಲ್ಲಿ ನಮ್ಮ ಕೈಗೆ ಎಟಕುವ ಹಸಿರೆಂದರೆ ಮೆಕ್ಕೆಜೋಳ ಒಂದೇ. ಭಯಕ್ಕೆ ಹುಲ್ಲು ಹಾಕಿ ಸಾಕಿದರೆ ಅದು ಹಾಲು ಕೊಡುವುದಿಲ್ಲ. ನಾನು ತೀರ್ಮಾನಿಸಿದೆ.

"ಮಲ್ಲಮ್ಮ, ಟಿಟವಾಳಾಕ್ಕೆ ಹೋಗುವ. ಜೋಳ ನೋಡ್ಲಿಕ್ಕೆ."

ಅವಳು ಕೈಯಲ್ಲಿದ್ದ ಪೊರಕೆ ಬಿಟ್ಟಳು. "ಅಕ್ಕಾ, ತಲಿ ನೆಟ್ಟಗದನ ನಿಮಗ? ಬರೂದ ಬರತೀನಿ. ಆದ್ರ ನಾ ಅದಕ್ಕ ಕೈ ಹಚ್ಚಂಗಿಲ್ಲ. ಒಮ್ಮೆ ಹಾಕ್ರಿ ಅಂದಾಕಿ ನಾನ."

"ಕೇಳಿದವಳು ನಾನು. ನೀನು ಬಾ."

ಕಲ್ಯಾಣದಲ್ಲಿ ಲೋಕಲ್ ಬದಲಿಸಿ ಟಿಟವಾಳಾದಲ್ಲಿ ಇಳಿದು, ನದಿಯ ಕಡೆಗೆ ನಡೆದೆವು. ಮೊದಲು ಕಂಡ ಹೊಲಗಳನ್ನು ನಾನು ಬೇಡವೆಂದೆ. ಗಿಡ ಗಿಡ್ಡ, ತೆನೆಯಿಲ್ಲ, ಬಣ್ಣ ಮಾತ್ರ ಕಣ್ಣು ಕುಕ್ಕುವ ಹಾಗೆ. ಕೊನೆಗೆ ನದಿಯ ಪಕ್ಕ ಒಂದು ಹೊಲ ಸಿಕ್ಕಿತು. ಮಳೆಯಿಲ್ಲದಾಗಲೂ ಪಂಪಿನಿಂದ ನೀರು ಕೊಟ್ಟು ಬೆಳೆಸಿದ್ದರು. ಗಿಡ ನನಗಿಂತ ಎತ್ತರ, ತೆನೆಯ ಕಾಳು ಉಗುರಿನಿಂದ ಒತ್ತಿದರೆ ಹಾಲು. ಯೂರಿಯಾ ಯಾವಾಗ ಹಾಕಿದಿರಿ, ಜೋರು ಮಳೆ ಬಿದ್ದು ಎಷ್ಟು ದಿನವಾಯಿತು ಎಂದು ನಾನು ಕೇಳುತ್ತಾ ಹೋದಂತೆ ರೈತ ನಗತೊಡಗಿದ. "ತಾಯೀ, ದನಕ್ಕೆ ಮೇವು ಬೇಕಾ, ಹೆಣ್ಣು ಕೇಳಲಿಕ್ಕೆ ಬಂದಿದ್ದೀರಾ?" ಎಂದ ಮರಾಠಿಯಲ್ಲಿ.

"ಹೆಣ್ಣು ಕೇಳುವಾಗ ಇಷ್ಟು ಕೇಳುವುದಿಲ್ಲ," ಎಂದೆ. ಕೊಯ್ಯುವುದಾದರೆ ನೆಲದಿಂದ ಒಂದು ಮೊಳ ಬಿಟ್ಟು ಕೊಯ್ಯಬೇಕು, ಬುಡ ನನಗೆ ಬೇಡ ಎಂದೆ. ಅಷ್ಟು ಮೇವು ಹಾಳು ಎಂದು ಅವನು ತಲೆ ಅಲ್ಲಾಡಿಸಿದ. ಹಾಳಾಗಲಿ ಎಂದೆ.

ನಾಲ್ಕಾರು ದಂಟುಗಳನ್ನು ಬುಡಸಮೇತ ಕಟ್ಟಿಕೊಂಡು ಲೇಡೀಸ್ ಡಬ್ಬಿ ಹತ್ತಿದೆವು. ಎಲೆ ತಾಗಿದವರೆಲ್ಲ ಬೈದರು. ಮಲ್ಲಮ್ಮ ಅವರಿಗೆ ಕಲಬುರಗಿಯ ಕನ್ನಡದಲ್ಲೇ ಉತ್ತರ ಕೊಟ್ಟಳು. ಯಾರಿಗೂ ತಿಳಿಯದೆ ಎಲ್ಲರೂ ಸುಮ್ಮನಾದರು. ಕಲ್ಯಾಣದಲ್ಲಿ ಇಳಿದು ನೇರ ಡಾಕ್ಟರ್ ಮ್ಯಾಡಮ್ ಹತ್ತಿರ ಹೋದೆವು. ಅವರು ಬುಡ ಸೀಳಿ ಹನಿ ಬಿಟ್ಟರು. ನಾನು ಬಗ್ಗಿ ನೋಡಿದೆ. ಹನಿ ಬಣ್ಣ ಬದಲಿಸದೆ ಹಾಗೆಯೇ ಉಳಿಯಿತು. ಅಂಚಿನಲ್ಲಿ ಮಾತ್ರ ಎಲ್ಲೋ ಒಂಚೂರು ನೀಲಿ, ಅದೂ ಬುಡದ ಗಂಟಿನಲ್ಲಿ.

"ಹಾಕಿ," ಎಂದರು. "ಆದರೆ ನಾನು ಹೇಳಿದ ಕ್ರಮದಲ್ಲೇ."

ಮೇವು ಬಂದ ಬೆಳಿಗ್ಗೆ ಗಲ್ಲಿಯಲ್ಲಿ ಸುದ್ದಿ ಹರಡಿತು. ಟೆಂಪೋದಿಂದ ಇಳಿಸಿದ್ದನ್ನು ನಾನು ರಾಶಿ ಹಾಕಲಿಲ್ಲ. ಮಾಡಿನ ಕೆಳಗೆ ಗಾಳಿಯಾಡುವ ಹಾಗೆ ನಿಲ್ಲಿಸಿದೆ. ತೆನೆಗಳನ್ನು ಮುರಿದು ಬೇರೆ ತೆಗೆದೆ, ಕಾಳು ಹೆಚ್ಚಾದರೆ ದನದ ಹೊಟ್ಟೆ ಹುಳಿಯುತ್ತದೆ. ಅಷ್ಟರಲ್ಲಿ ಭಾವ ಬಂದರು. ಒಬ್ಬರೇ ಅಲ್ಲ, ಜೊತೆಗೆ ದನದ ವ್ಯಾಪಾರಿ.

ಭಾವ ಜೋಳ ನೋಡಿ ಬಾಗಿಲಲ್ಲೇ ನಿಂತರು. "ನಿನಗೆ ಮರ್ಲಾ, ಸುನಂದಾ? ಒಂದು ಸತ್ತದ್ದು ಸಾಕಾಗ್ಲಿಲ್ವಾ? ಇವರು ಮೂರನ್ನೂ ಈಗಲೇ ತಗೊಂಡು ಹೋಗ್ತಾರೆ."

"ಚೌತಿ ಇನ್ನೂ ಬರ್ಲಿಲ್ಲ, ಭಾವ."

"ಚೌತಿವರೆಗೆ ಇವು ಇರ್ಬೇಕಲ್ಲ!"

"ಇರ್ತವೆ. ಕೂತ್ಕೊಳ್ಳಿ, ನೋಡಿ."

ನಾನು ಮೊದಲು ದನಗಳಿಗೆ ಬೈಹುಲ್ಲು ಹಾಕಿದೆ. ಹೊಟ್ಟೆ ಅರ್ಧ ತುಂಬುವವರೆಗೆ ಕಾದೆ. ನೀರು ಕುಡಿಸಿದೆ. ಆಮೇಲೆ ಕತ್ತಿ ಹಿಡಿದು ಜೋಳವನ್ನು ಸಣ್ಣಗೆ ಕೊಚ್ಚಿ, ಬೈಹುಲ್ಲಿನ ಜೊತೆ ಕಲಸತೊಡಗಿದೆ. ಹುಲ್ಲು ಹೆಚ್ಚು, ಜೋಳ ಬರೀ ಎರಡು ಹಿಡಿ. ಕಲಸಿದ್ದನ್ನೇ ಮತ್ತೆ ಮತ್ತೆ ಕಲಸಿದೆ. ಬಾಗಿಲಲ್ಲಿ ಹತ್ತಾರು ಮುಖಗಳು. ಮುಟ್ಟುವುದಿಲ್ಲ ಎಂದಿದ್ದ ಮಲ್ಲಮ್ಮ ಮೂಲೆಯಲ್ಲಿ ನಿಂತಿದ್ದಳು. ನನ್ನ ಕೈ ನೋಡಿದಳೋ ಏನೋ, ಬಂದು ಎದುರು ಕುಳಿತು, ತಾನೂ ಕೈ ಹಾಕಿ ಕಲಸಿದಳು.

ಗುಲಾಬಿಯ ಮುಂದೆ ಬುಟ್ಟಿ ಇಟ್ಟೆ. ಅವಳು ಮೂಸಿದಳು, ತಲೆ ಹಿಂದೆ ತೆಗೆದಳು. ಗುಂಪಿನಲ್ಲಿ ಯಾರೋ, "ಉಸಕೋ ಭೀ ಮಾಲೂಮ್ ಹೈ" ಎಂದರು, ಅವಳಿಗೂ ಗೊತ್ತು ಎಂದು. ನಾನು ಬುಟ್ಟಿ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಗುಲಾಬಿ ಮತ್ತೆ ಮೂತಿ ಇಟ್ಟು ತಿನ್ನತೊಡಗಿದಳು. ಬೆಳ್ಳಿ, ಚಂದ್ರಿ ಕೂಡ.

"ಇಷ್ಟು ಸ್ವಲ್ಪ ಹಾಕಿದ್ರೆ ಎಂತ ಆಗ್ತದೆ?" ಎಂದರು ಭಾವ.

"ಎಂತದೂ ಆಗ್ಬಾರ್ದು ಅಂತಲೇ ಸ್ವಲ್ಪ ಹಾಕಿದ್ದು. ನಾಳೆ ಇನ್ನೊಂದು ಹಿಡಿ. ನಾಡಿದ್ದು ಮತ್ತೊಂದು."

ವ್ಯಾಪಾರಿಗೆ ಪುರುಸೊತ್ತಿರಲಿಲ್ಲ. ಗೋಡೆಗೊರಗಿ ಒಂದು ಬೀಡಿ ಸೇದಿ, ಆಮೇಲೆ ಭಾವನ ಕಿವಿಯಲ್ಲಿ ಏನೋ ಹೇಳಿ ಹೊರಟುಹೋದ. ಜನ ಕರಗಿದರು. ಭಾವ ಮಾತ್ರ ಹೋಗಲಿಲ್ಲ. ಗುಲಾಬಿ ಯಾವಾಗ ಬೀಳುತ್ತಾಳೆ ಎಂದು ಕಾಯುವವರ ಹಾಗೆ ಅದೇ ಬಕೆಟಿನ ಮೇಲೆ ಕುಳಿತರು. ಮಧ್ಯಾಹ್ನ ನಾನು ಕೊಟ್ಟ ಗಂಜಿ ಚಟ್ನಿ ಉಂಡರು. ಮಳೆ ಬಂತು, ಬಿಟ್ಟಿತು. ಗುಲಾಬಿ ಮಲಗಿದಳು; ಭಾವ ಎದ್ದೇ ನಿಂತರು. ಅವಳು ಮಲಗಿದ್ದು ಮೆಲುಕು ಹಾಕಲು. ನಾನು ಅವಳ ತುಟಿ ಎತ್ತಿ ವಸಡು ತೋರಿಸಿದೆ, ನಸುಗೆಂಪು. ಭಾವ ಬಗ್ಗಿ ನೋಡಿ ಮತ್ತೆ ಕುಳಿತರು.

ಸಂಜೆಗೆ ಮೂರೂ ದನ ಎದ್ದು ನಿಂತು ನನ್ನ ದಾರಿ ನೋಡುತ್ತಿದ್ದವು. ನಾನು ಕೈ ತೊಳೆದು, ಕೆಚ್ಚಲು ತೊಳೆದು, ಪಾತ್ರೆ ಹಿಡಿದು ಗುಲಾಬಿಯ ಬಳಿ ಕುಳಿತೆ. ಭಾವ ಕೊಡೆ ಎತ್ತಿಕೊಂಡರು. ಹೊರಡಲೂ ಇಲ್ಲ, ನಿಲ್ಲಲೂ ಇಲ್ಲ. ಕೊನೆಗೆ ತುಳುವಿಗೆ ಬಂದು, ತಗ್ಗಿದ ಸ್ವರದಲ್ಲಿ, ನಾಳೆ ಏನಾದರೂ ಆದರೆ ಎಂದು ಕೇಳಿದರು.

ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ.

"ನಾಳೆ ಎಂತಾದ್ರೂ ಆದ್ರೆ ಡಾಕ್ಟರಿಗೆ ಫೋನ್ ಮಾಡ್ತೇನೆ, ಭಾವ. ನಿಮಗಲ್ಲ."

ಹೇಳಿ, ಹಾಲು ಕರೆಯಲು ಶುರುಮಾಡಿದೆ.